ಅವರ ಪೆಟ್ಟಿಗೆ, ನಮ್ಮ ಸೂಟ್‌ಕೇಸು

ಹೋದ ಬೇಸಿಗೇಲಿ ಅವ್ವ ಧಾರವಾಡದಿಂದ ಬಂದಿದ್ಲು. ನಾವಿರೋದು ಮಿನ್ನೆಸೋಟದ ರಾಚೆಸ್ಟರ್‌ನಲ್ಲಿ, ಮಾಲ್ ತೋರಿಸಿದ್ದಾಯ್ತು, ಕೆರೆ ತೋರಿಸಿದ್ದಾಯ್ತು, ಇನ್ನೇನ್ ಮಾಡೋದು ಅಂತ ಅಯೋವಾದ ಡೆಕೋರಾಕ್ಕೆ ಕರ್ಕೊಂಡು ಹೋದೆ, ಒಂದೂವರೆ ತಾಸಿನ ದಾರಿ, ಎರಡೂ ಕಡೆ ಬರೀ ಗೋವಿನಜೋಳ. ಏಳೆಂಟು ಸಾವಿರ ಜನರ ಸಣ್ಣ ಊರು. ಅಲ್ಲಿ ವೆಸ್ಟರ್‌ಹೈಮ್ ಅಂತ ನಾರ್ವೆಯಿಂದ ವಲಸೆ ಬಂದವರ ಮ್ಯೂಸಿಯಂ ಇದೆ, 1877ರಲ್ಲಿ ಲೂಥರ್ ಕಾಲೇಜಿನವರು ಶುರು ಮಾಡಿದ್ದು. ಹೆಸರಿನ ಅರ್ಥ ಪಡುವಣ ಮನೆ ಅಂತೆ, ಅಮೆರಿಕಾನ ಅವರು ಕರೀತಿದ್ದಿದ್ದೇ ಹಂಗೆ.

ಒಳಗೆ ಮೊದಲು ಕಣ್ಣಿಗೆ ಬಿದ್ದಿದ್ದು ಮರದ ಪೆಟ್ಟಿಗೆಗಳು. ಮೈತುಂಬ ಬಳ್ಳಿ ಹೂವಿನ ಚಿತ್ರ, ರೋಸೆಮಾಲಿಂಗ್ ಅಂತಾರೆ ಅದಕ್ಕೆ, ಜೊತೆಗೆ ಮಾಲೀಕರ ಹೆಸರು, ಇಸವಿ. 1825ರಲ್ಲಿ ನಾರ್ವೆಯ ಸ್ಟವಾಂಗರ್‌ನಿಂದ ಮೊದಲ ಹಡಗು ಹೊರಟಾಗ ಅದರಲ್ಲಿ ಇದ್ದಿದ್ದು 52 ಜನ, ಆಮೇಲೆ ನೂರು ವರ್ಷದಲ್ಲಿ ಎಂಟು ಲಕ್ಷದಷ್ಟು ಮಂದಿ ಬಂದ್ರು. ಹಾಯಿ ಹಡಗಿನ ಕಾಲದಲ್ಲಿ ಎರಡು ಮೂರು ತಿಂಗಳ ಪ್ರಯಾಣ, ಬುತ್ತಿ ಅವರವರದ್ದೇ, ಅದಕ್ಕೆ ತಿಂಗಳುಗಟ್ಟಲೆ ಕೆಡದ ತೆಳ್ಳನೆ ಒಣ ರೊಟ್ಟಿ ತಟ್ಟಿ ಪೆಟ್ಟಿಗೆ ತುಂಬ್ಕೊಂಡು ಬರ್ತಿದ್ರು. ನಾನು ಇಷ್ಟು ಹೇಳೋದ್ರೊಳಗೇ ಅವ್ವ, "ಹಂಗಂದ್ರ ಕಟಕ್ ರೊಟ್ಟಿ" ಅಂದುಬಿಟ್ಲು. ನನಗೆ ನನ್ನ ಸೂಟ್‌ಕೇಸ್ ನೆನಪಾಯ್ತು, 23 ಕಿಲೋ ಲೆಕ್ಕ, ಮಾರ್ಕರ್‌ನಲ್ಲಿ ಬರೆದ ಹೆಸರು, ಮೇಲೊಂದು ನೀಲಿ ಹಗ್ಗ. ಅದನ್ನ ಯಾರು ಮ್ಯೂಸಿಯಂನಲ್ಲಿಡ್ತಾರೆ, ಚಕ್ರ ಮುರೀತು ಅಂತ ನಾನೇ ಕಸಕ್ಕೆ ಹಾಕಿದೀನಿ.

ಅವ್ವ ಮುಂದೆ ಒಂದು ಗಾಜಿನ ಹತ್ರ ನಿಂತವಳು ಅಲ್ಲಾಡಲಿಲ್ಲ. ಹಾರ್ಡಾಂಗರ್ ಕಸೂತಿ, ಬಿಳಿ ಬಟ್ಟೆಗೆ ಬಿಳಿ ದಾರ, ನಡುನಡುವೆ ಎಳೆ ಕತ್ತರಿಸಿ ಬಿಟ್ಟ ಚೌಕ ತೂತುಗಳು. "ಗೆರಿ ಹಾಕ್ಕೊಂಡಿಲ್ಲೋ ಇವರು, ನಮ್ಹಂಗ ಎಳಿ ಎಣಿಸ್ಯಾರ. ಹಿಂದ ಹೆಂಗೈತಿ ಕೇಳು." ಅಲ್ಲಿದ್ದ ಅಜ್ಜಿಗೆ ಹೇಳಿದೆ, ನಮ್ಮ ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ, ಗಂಟೇ ಹಾಕೋದಿಲ್ಲ, ಎರಡೂ ಕಡೆ ಒಂದೇ ಥರ ಕಾಣ್ಬೇಕು ಅಂತ. ಆಕೆ ತಮ್ಮ ಬ್ಯಾಗಿಂದ ತಾವೇ ಹಾಕ್ತಿದ್ದ ಒಂದು ತುಂಡು ತೆಗೆದು ತೋರಿಸಿದ್ರು. ಅವ್ವ ತಿರುವಿ ನೋಡಿ "ಗಂಟು ಹಾಕ್ಯಾಳ" ಅಂದ್ಲು. ನಾನು ಅದನ್ನ ತುಂಬಾ ಚೆನ್ನಾಗಿದೆ ಅಂತಿದಾರೆ ಅಂತ ಇಂಗ್ಲಿಷ್ ಮಾಡಿದೆ.

ಆ ಅಜ್ಜಿಗೆ ನಾರ್ವೇಜಿಯನ್ ಬರಲ್ಲ. ಲೆಫ್ಸೆ ಅಂದ್ರೆ ಆಲೂಗಡ್ಡೆ ರೊಟ್ಟಿ, ಅದರ ಗೀರುಗೀರು ಲಟ್ಟಣಿಗೆ, ಹಬ್ಬದ ನಾಲ್ಕು ಪದ, ಥ್ಯಾಂಕ್ಸ್ ಹೇಳೋದು, ಅಷ್ಟೇ. ಇದೇ ಊರಿಂದ 1874ರಿಂದ 1972ರವರೆಗೆ ನಾರ್ವೇಜಿಯನ್ ಪತ್ರಿಕೆ ಬರ್ತಿತ್ತು, ಡೆಕೋರಾ ಪೋಸ್ಟನ್ ಅಂತ. 1918ರಲ್ಲಿ, ಮೊದಲ ಮಹಾಯುದ್ಧದ ಹೊತ್ತು, ಅಯೋವಾ ಗವರ್ನರ್ ಶಾಲೆ, ಚರ್ಚು, ರೈಲು ಎಲ್ಲೂ ಇಂಗ್ಲಿಷ್ ಬಿಟ್ಟು ಮಾತಾಡೋ ಹಂಗಿಲ್ಲ ಅಂತ ಆದೇಶ ಹೊರಡಿಸಿದ್ದ, ಫೋನಲ್ಲೂ ಇಲ್ಲ! ಆರೇಳು ತಿಂಗಳಲ್ಲಿ ಅದು ಹೋಯ್ತು, ಆದ್ರೆ ಮಕ್ಕಳ ಬಾಯಿಂದ ಭಾಷೆನೂ ಮೆಲ್ಲಗೆ ಜಾರ್ತು. (ಇವರನ್ನ ಬರೀ ಪಾಪದವರು ಅನ್ನೋಕೂ ಆಗಲ್ಲ, ಡೆಕೋರಾ ಇರೋ ಕೌಂಟಿ, ಅಂದ್ರೆ ಜಿಲ್ಲೆ, ಅದರ ಹೆಸರು ವಿನ್ನೆಶೀಕ್, ಹೋ-ಚಂಕ್ ಅನ್ನೋ ಅಲ್ಲಿನ ಮೂಲನಿವಾಸಿ ಜನರ ಮುಖಂಡನದ್ದು, ಆ ಜನರನ್ನ 1848ರಲ್ಲಿ ಅಲ್ಲಿಂದ ಎಬ್ಬಿಸಿ ಕಳಿಸಿದ ಮೇಲೇನೇ ಇವರಿಗೆ ಹೊಲ ಸಿಕ್ಕಿದ್ದು.)

ನನಗನಿಸಿದ್ದು ಇಷ್ಟು. ಅವರಿಗೆ ಮಾತು ಹೋಯ್ತು, ಸಾಮಾನು ಉಳೀತು, ಆ ಸಾಮಾನು ಮಾಡೋ ಕೈನೂ ಉಳೀತು, ಯಾಕಂದ್ರೆ ಇವತ್ತಿಗೂ ಅಲ್ಲಿ ರೋಸೆಮಾಲಿಂಗ್, ನೇಯ್ಗೆ, ಮರಗೆತ್ತನೆ ಕ್ಲಾಸ್ ನಡೀತವೆ. ನಮ್ಮದು ಉಲ್ಟಾ. ಮನೇಲಿ ಕನ್ನಡ ಮಾತಾಡ್ತೀವಿ, ರಾಜ್ಯೋತ್ಸವಕ್ಕೆ ಸ್ಟೇಜ್ ಹಾಕ್ತೀವಿ, ಬಿಸಿಬೇಳೆಬಾತ್‌ಗೆ ಕ್ಯೂ ನಿಲ್ತೀವಿ, ಅಜ್ಜಿಯ ತಾಮ್ರದ ಹಂಡೆ ಮಾತ್ರ ತೂಕಕ್ಕೆ ಹಾಕ್ತೀವಿ. ಅವರಲ್ಲಿ ಬಹಳ ಜನಕ್ಕೆ ತಿರುಗಿ ಊರು ಕಾಣ್ತೀವಿ ಅನ್ನೋ ಭರವಸೆ ಇರಲಿಲ್ಲ, ಅದಕ್ಕೆ ಒಂದು ಚಮಚಾನೂ ಊರೇ ಆಗೋಯ್ತು. ನಮಗೆ ಎರಡು ವರ್ಷಕ್ಕೊಮ್ಮೆ ಟಿಕೆಟ್ ಇದೆ, ದಿನಾ ವಿಡಿಯೋ ಕಾಲ್ ಇದೆ, ಬೇಕಾದ್ರೆ ಹೋದಾಗ ತರೋಣ ಬಿಡು ಅಂತೀವಿ, ಅಷ್ಟೊತ್ತಿಗೆ ಯಾರೋ ಅದನ್ನ ಮಾರಿರ್ತಾರೆ.

ವಾಪಸ್ ಬರ್ತಾ ಕೇಳಿದೆ, ದೊಡ್ಡವ್ವನ ಕರಿ ಚಂದ್ರಕಾಳಿ ಸೀರೆ ಇತ್ತಲ್ಲ ಕಸೂತಿದು, ಎಲ್ಲೈತಿ ಅಂತ. "ಹರದು ಹೋಗಿತ್ತಪ್ಪ. ಕೌದಿಗೆ ಹಾಕಿದ್ನಿ. ನಿನಗ ಕೊಟ್ಟಿದ್ನೆಲ್ಲಾ?"

ಕೌದಿ ಕಾರಿನ ಡಿಕ್ಕಿಲಿತ್ತು. ಎರಡು ವರ್ಷದಿಂದ ಸ್ನೋ ತೆಗಿಯೋ ಸಲಿಕೆ ಕೆಳಗೆ ಹಾಸಿದೀನಿ. ಮನೆಗೆ ಬಂದು ಕೊಡವಿ ನೋಡಿದ್ರೆ ಒಂದು ಮೂಲೇಲಿ ಅಂಗೈಯಗಲ ಕರಿ ತುಂಡು, ಅದರಲ್ಲಿ ಅರ್ಧ ಗೋಪುರ, ಪಕ್ಕದಲ್ಲಿ ಎಂಜಿನ್ ಆಯಿಲ್ ಕಲೆ. ಅವ್ವ ಏನೂ ಅನ್ನಲಿಲ್ಲ, ಸೋಪಿನ ಪುಡಿ ಎಲ್ಲಿಟ್ಟೀರಿ ಅಂತ ಕೇಳಿದ್ಲು.