ಎದೆ ಮೇಲಿನ ಬಣ್ಣದ ಪಟ್ಟಿಗಳು

ನೌಕಾಪಡೆಯ ಅಧಿಕಾರಿ ಬಿಳಿ ಸಮವಸ್ತ್ರದಲ್ಲಿ ಎದುರಾದರೆ ನನ್ನ ಕಣ್ಣು ಸೀದಾ ಹೋಗುವುದು ಎಡ ಎದೆಯ ಬಣ್ಣದ ಪಟ್ಟಿಗಳಿಗೆ. ಪೂರ್ತಿ ಪದಕಗಳು ಪರೇಡಿಗೆ ಮಾತ್ರ, ಉಳಿದ ದಿನ ಈ ರಿಬ್ಬನ್ ತುಂಡುಗಳೇ ಸಾಕು.

ಅವೆಲ್ಲ ಯುದ್ಧದಲ್ಲಿ ಗಳಿಸಿದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. 9 ವರ್ಷ ಸೇವೆ ಮುಗಿಸಿದರೆ ಒಂದು ಪದಕ, 20ಕ್ಕೆ ಒಂದು, 30ಕ್ಕೆ ಮತ್ತೊಂದು. ಸ್ವಾತಂತ್ರ್ಯಕ್ಕೆ 50 ತುಂಬಿದ 1997ರಲ್ಲಿ ಸೇವೆಯಲ್ಲಿದ್ದವರಿಗೂ ಒಂದು ಸಿಕ್ಕಿತು. ಸುಮ್ನೆ ಇದ್ದಿದ್ದಕ್ಕೂ ಪದಕವಾ ಅಂತ ನಗುವವರಿದ್ದಾರೆ. ನನಗೆ ಮಾತ್ರ ಈ ಸಾದಾ ಪದಕಗಳ ಮೇಲೇ ಗೌರವ ಜಾಸ್ತಿ.

ಯಾಕೆಂದರೆ ಹಡಗಿನಲ್ಲಿ ಇರುವುದೇ ಒಂದು ಕೆಲಸ. ಅಲ್ಲಿ ದಿನವನ್ನು ನಾಲ್ಕು ನಾಲ್ಕು ಗಂಟೆಯ ವಾಚ್‌ಗಳಾಗಿ, ಅಂದರೆ ಕಾವಲಿನ ಪಾಳಿಗಳಾಗಿ, ಒಡೆದಿರುತ್ತಾರೆ. ರಾತ್ರಿ 12ರಿಂದ 4ರ ವಾಚ್ ಅಂದರೆ ಯಾರಿಗೂ ಬೇಡ: ಆಗಷ್ಟೇ ಹತ್ತಿದ ನಿದ್ದೆ ಬಿಟ್ಟು ಎದ್ದು, ಹಡಗು ನಡೆಸುವ ಕೋಣೆಯಾದ ಕತ್ತಲ ಬ್ರಿಜ್‌ನಲ್ಲಿ ನಿಂತು, ರೇಡಾರ್ ನೋಡುತ್ತಾ, ದೀಪ ಹಚ್ಚದ ಮೀನು ದೋಣಿ ಎಲ್ಲಿ ಅಡ್ಡ ಬರುತ್ತದೋ ಅಂತ ಕಣ್ಣು ಕಿರಿದು ಮಾಡಿಕೊಂಡೇ ಬೆಳಗಿನ ಜಾವದವರೆಗೆ ಕಳೆಯಬೇಕು. ಸಂಜೆ 4ರಿಂದ 8ರ ವಾಚನ್ನು ಮಾತ್ರ ಎರಡಾಗಿ ಕತ್ತರಿಸಿರುತ್ತಾರೆ. ಆಗ ದಿನಕ್ಕೆ 6ರ ಬದಲು 7 ವಾಚ್ ಆಗಿ, ಅದೇ ನಡುರಾತ್ರಿ ದಿನಾ ಅದೇ ಪಾಪದವನ ತಲೆಗೆ ಬೀಳುವುದಿಲ್ಲ. ಯಾವ ಪುಣ್ಯಾತ್ಮ ಯೋಚಿಸಿದನೋ! ಇಷ್ಟೆಲ್ಲ ಮಾಡಿದ ಮೇಲೆ ಏನೂ ಆಗಲಿಲ್ಲ ಅಂದರೆ ಅದು ಒಳ್ಳೆಯ ರಾತ್ರಿ. ಏನೂ ಆಗದಂತೆ ನೋಡಿಕೊಂಡಿದ್ದಕ್ಕೆ ಪ್ರಶಸ್ತಿಪತ್ರ ಬರೆಯುವುದು ಹೇಗೆ ಹೇಳಿ?

ಪರಮವೀರ ಚಕ್ರ ಪಡೆದ 21 ಜನರಲ್ಲಿ ನೌಕಾಪಡೆಯವರು ಒಬ್ಬರೂ ಇಲ್ಲ. ಹಡಗಿನ ಹೋರಾಟವೇ ಹಾಗೆ ಅಲ್ವಾ, ಇಂಜಿನ್ ಕೋಣೆಯವನು, ರೇಡಾರ್ ನೋಡುವವನು, ಗುಂಡಿ ಒತ್ತುವವನು ಎಲ್ಲರೂ ಸೇರಿದರೇ ಒಂದು ಏಟು. ಯಾರ ಎದೆಗೆ ಚುಚ್ಚುವುದು? ಇದು ನನ್ನ ಊಹೆ ಅಷ್ಟೇ, ಸರ್ಕಾರದ ಲೆಕ್ಕ ಬೇರೆ ಇರಬಹುದು.

1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ನಮ್ಮ ಖುಕ್ರಿ ಹಡಗನ್ನು ಟಾರ್ಪೆಡೊ ಹೊಡೆದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಉಳಿದವರನ್ನು ನೀರಿಗಿಳಿಸಿ ಕಳಿಸಿದ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಾವು ಹಡಗು ಬಿಡಲಿಲ್ಲ. ಮಹಾವೀರ ಚಕ್ರ ಬಂದದ್ದು ಆ ಕೆಲವು ನಿಮಿಷಗಳಿಗೆ. ಆದರೆ ಅವರು ನೌಕಾಪಡೆ ಅಧಿಕಾರಿಯಾಗಿದ್ದು 1948ರಲ್ಲಿ. ನಡುವಿನ 23 ವರ್ಷ ಅವರು ಏನು ಮಾಡುತ್ತಿದ್ದರು ಅಂತ ನಾವ್ಯಾರೂ ಕೇಳುವುದೇ ಇಲ್ಲ.

ಇನ್ನು ಮನೆಯವರು. ಇವತ್ತು ಕಾರವಾರ, ನಾಳೆ ಕೊಚ್ಚಿ, ಆಮೇಲೆ ವಿಶಾಖಪಟ್ಟಣ. ಪ್ರತಿ ಸಲ ಮಕ್ಕಳಿಗೆ ಹೊಸ ಶಾಲೆ, ಹೊಸ ಗ್ಯಾಸ್ ಕನೆಕ್ಷನ್, ಆತ ಮಾತ್ರ ಸಮುದ್ರದಲ್ಲಿ. 20 ವರ್ಷದ ಪದಕದಲ್ಲಿ ಅರ್ಧ ನನ್ನದು ಅಂತ ಹೆಂಡತಿ ಹೇಳಿದರೆ ಅದು ತಮಾಷೆಯಲ್ಲ, ಹಕ್ಕಿನ ಮಾತು.