ಜಿಮ್ ಬಿಟ್ಟರೆ ಸ್ನಾಯು ಕೊಬ್ಬಾಗುತ್ತದೆಯೇ? ಸತ್ಯಾಂಶ ಇಲ್ಲಿದೆ

"ಜಿಮ್ ಸೇರಬೇಡಿ, ಬಿಟ್ಟ ಮೇಲೆ ಸ್ನಾಯುವೆಲ್ಲ ಕೊಬ್ಬಾಗುತ್ತದೆ. ಹಳೇ ಪೈಲ್ವಾನರ ಹೊಟ್ಟೆ ನೋಡಿ." ಬಾಗಲಕೋಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹೀಗೊಂದು ಮೆಸೇಜ್ ಓಡಾಡುತ್ತಿದೆ.

ಇದು ತಪ್ಪು. ಸ್ನಾಯುವಿನ ಕೋಶವೇ ಬೇರೆ, ಕೊಬ್ಬಿನ ಕೋಶವೇ ಬೇರೆ. ಒಂದು ಇನ್ನೊಂದಾಗುವುದಿಲ್ಲ. ವ್ಯಾಯಾಮ ನಿಂತರೆ ಸ್ನಾಯು ನಿಧಾನಕ್ಕೆ ಸಣ್ಣದಾಗುತ್ತದೆ, ಅಷ್ಟೇ.

ಮತ್ತೆ ಹೊಟ್ಟೆ ಯಾಕೆ ಬರುತ್ತದೆ? ಮುಧೋಳ, ಜಮಖಂಡಿ ಕಡೆ ಕುಸ್ತಿ ಬಲ್ಲವರಿಗೆ ಕಾರಣ ಗೊತ್ತು. ಗರಡಿಯಲ್ಲಿ ಬೆವರು ಹರಿಸುವಾಗ ಹಾಲು, ತುಪ್ಪ, ಬಾದಾಮಿ, ರೊಟ್ಟಿ ಎಲ್ಲವೂ ಕರಗುತ್ತಿತ್ತು. ಸಾಮು ನಿಂತಿತು, ಊಟ ಮಾತ್ರ ಹಾಗೇ ಉಳಿಯಿತು. ಖರ್ಚಾಗದ ಶಕ್ತಿ ಕೊಬ್ಬಾಗಿ ಕೂಡುತ್ತದೆ, ಅಲ್ವಾ?

ಭಾರ ಎತ್ತುವುದರಿಂದ ಮೂಳೆ ಗಟ್ಟಿಯಾಗುತ್ತದೆ. ರಕ್ತದ ಸಕ್ಕರೆಯನ್ನು ಸ್ನಾಯು ಬಳಸಿಕೊಳ್ಳುತ್ತದೆ. ದೊಡ್ಡವರು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 65 ದಾಟಿದವರಿಗೂ ಇದು ಬೇಕು.

ಹೆದರಬೇಕಾದದ್ದು ಸ್ಟೀರಾಯ್ಡ್ ಇಂಜೆಕ್ಷನ್‌ಗೆ. ಬೇಗ ಮೈ ಬರಲಿ ಎಂದು ಹುಡುಗರು ಚುಚ್ಚಿಸಿಕೊಂಡರೆ ಹೃದಯ, ಲಿವರ್ ಹಾಳಾಗಬಹುದು, ವೀರ್ಯಾಣು ಕುಸಿಯುತ್ತವೆ. ದಯವಿಟ್ಟು ಬೇಡ. ದೇಹದಾರ್ಢ್ಯ ಸ್ಪರ್ಧೆಗೆ ಮುಂಚೆ ನೀರು ಕುಡಿಯುವುದನ್ನು ಬಿಡುವುದೂ ಅಪಾಯವೇ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಪುಡಿಗೆ ಮೊದಲು ಡಾಕ್ಟರನ್ನು ಕೇಳಲಿ.

ಈಗಾಗಲೇ ಜಿಮ್ ಬಿಟ್ಟಿದ್ದೀರಾ? ಊಟ ಸ್ವಲ್ಪ ಇಳಿಸಿ. ಕಡಿಮೆ ಭಾರದಿಂದ ಮತ್ತೆ ಶುರು ಮಾಡಿ. ಒಮ್ಮೆ ಬೆಳೆದಿದ್ದ ಸ್ನಾಯು ಎರಡನೇ ಸಲ ಬೇಗ ಮರಳುತ್ತದೆ.