ಎರಡು ಚಮಚ ಎಣ್ಣೆಯ ಪಂಚಾಯಿತಿ

ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರನ್ನು ಈ ಕಾಲದಲ್ಲಿ ಸಾಕುತ್ತಿರುವವರಿಗೆ ಬಿಡಿಭಾಗಗಳ ಕೊರತೆ ಬಂದರೂ ಬರಬಹುದು, ಸಲಹೆಗಳ ಕೊರತೆ ಬಾರದು. ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವ ಅದರ ಎಸ್‌ಯು ಕಾರ್ಬ್ಯುರೇಟರ್ ಜೋಡಿಯ ನೆತ್ತಿಯ ಮೇಲಿರುವ, ಡ್ಯಾಶ್‌ಪಾಟ್‌ಗಳೆಂಬ ಪುಟ್ಟ ಎಣ್ಣೆ ಬಟ್ಟಲುಗಳಿಗೆ ಯಾವ ಎಣ್ಣೆ ಹಾಕಬೇಕೆಂದು ನಾಲ್ಕು ಜನರೆದುರು ಬಾಯಿಬಿಟ್ಟರಂತೂ, ಆ ದಿನದ ಮಟ್ಟಿಗೆ ಕಾರು ಓಡಿಸುವ ಆಸೆಯನ್ನು ಕೈಬಿಡುವುದೇ ಕ್ಷೇಮ.

ಆಕ್ಸಿಲರೇಟರ್ ಒತ್ತಿದೊಡನೆ ನಮ್ಮ ಕಾರು ಮುನ್ನುಗ್ಗುವುದನ್ನು ಬಿಟ್ಟು ಅರೆಗಳಿಗೆ ಆಲೋಚನೆಗೆ ಬೀಳುತ್ತಿತ್ತು. ಪಕ್ಕದ ಮನೆಯ ನಿವೃತ್ತ ಇಂಜಿನಿಯರರು ಬಾನೆಟ್ಟಿನೊಳಗೆ ಇಣುಕಿ, ಎಣ್ಣೆ ತೆಳುವಾಗಿದೆಯೆಂದು ತೀರ್ಪಿತ್ತು, 20ಡಬ್ಲ್ಯು-50 ಎಂಬ ಮಂದತೆಯ ದರ್ಜೆಯ ಎಂಜಿನ್ ಆಯಿಲ್ ತಂದು, ‘ಇದರಲ್ಲಿ ಇಪ್ಪತ್ತೂ ಇದೆ, ಐವತ್ತೂ ಇದೆ, ಬೇಕಾದದ್ದನ್ನು ಕಾರೇ ಆರಿಸಿಕೊಳ್ಳಲಿ’ ಎಂದರು. ಅವರ ಗೆಳೆಯರದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಎಣ್ಣೆಯ ಪಕ್ಷ. ನನ್ನ ಹೆಂಡತಿ ಹೊಲಿಗೆ ಯಂತ್ರದ ಎಣ್ಣೆಯ ಸೀಸೆಯನ್ನು ಸದ್ದಿಲ್ಲದೆ ಒಳಗೆ ಬಚ್ಚಿಟ್ಟಳು.

ಈ ಎಣ್ಣೆಗೆ ಇರುವ ಕೆಲಸವಾದರೂ ಎಷ್ಟು? ಆಕ್ಸಿಲರೇಟರ್ ತುಳಿತಕ್ಕೆ ಥ್ರಾಟಲ್ ಥಟ್ಟನೆ ತೆರೆದುಕೊಂಡಾಗ ಕಾರ್ಬ್ಯುರೇಟರಿನ ಪಿಸ್ಟನ್ ದಡಬಡಿಸಿ ಮೇಲೇಳದಂತೆ ಅದು ತಡೆಯುತ್ತದೆ. ಆಗ ಗಾಳಿಯ ದಾರಿ ಕ್ಷಣಕಾಲ ಕಿರಿದಾಗಿಯೇ ಉಳಿದು, ಪೆಟ್ರೋಲು ಹೊರಬರುವ ಜೆಟ್ಟಿನ ಮೇಲಿನ ಸೆಳೆತ ಹೆಚ್ಚಿ, ಅದು ತುಸು ಧಾರಾಳವಾಗಿ ಗಾಳಿಗೆ ಸೇರಿಕೊಳ್ಳುತ್ತದೆ. ಎಣ್ಣೆ ತೀರಾ ತೆಳುವಾದರೆ ಎಂಜಿನ್ ಮುಗ್ಗರಿಸುತ್ತದೆ, ತೀರಾ ಮಂದವಾದರೆ ಪಿಸ್ಟನ್ ಏಳುವುದಕ್ಕೇ ಮೈಮುರಿಯುತ್ತದೆ. ಕಾರು ಒಂದೇ ವೇಗದಲ್ಲಿ ಸಾಗುವಾಗಲಾಗಲಿ ಐಡಲ್‌ನಲ್ಲಿ ನಿಂತಿರುವಾಗಲಾಗಲಿ ಎಣ್ಣೆಗೆ ಪೂರ್ಣ ರಜೆ. ಆದ್ದರಿಂದಲೇ, ಐಡಲ್ ಸರಿಯಿಲ್ಲವೆಂದು ಎಣ್ಣೆ ಬದಲಿಸುವವರನ್ನು ಕಂಡಾಗಲೆಲ್ಲ ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ನನಗೆ ನೆನಪಾಗುತ್ತದೆ. ಎಸ್‌ಎಇ 20 ದರ್ಜೆಯ ಎಣ್ಣೆ ಹಾಕಿದರೆ ಸಾಕೆಂಬುದು ನನ್ನ ಮತ. ಆದರೆ ಕಾರಿನ ಒಡೆಯನ ಮತಕ್ಕೆ ಅಂಥ ಸಭೆಗಳಲ್ಲಿ ಬೆಲೆಯಿಲ್ಲ.

ವಾದ ತಾರಕಕ್ಕೇರಿದ ಮೇಲೆ, ಅಲ್ಲಿಯವರೆಗೆ ಯಾರೂ ಮುಟ್ಟದಿದ್ದ ಮುಚ್ಚಳಗಳನ್ನು ಬಿಚ್ಚಲಾಯಿತು. ಒಂದರಲ್ಲಿ ಎಣ್ಣೆಯಿತ್ತು, ಇನ್ನೊಂದು ಒಣಗಿ ನಿಂತಿತ್ತು. ಇಲ್ಲದ ಎಣ್ಣೆಯನ್ನು ತೆಳುವೆಂದು ನಿರ್ಣಯಿಸಿದ್ದ ಇಂಜಿನಿಯರರು ಕಿಂಚಿತ್ತೂ ವಿಚಲಿತರಾಗದೆ, ‘ಶೂನ್ಯಕ್ಕಿಂತ ತೆಳುವಾದದ್ದು ಯಾವುದಿದೆ?’ ಎಂದು ಕೇಳಿ, ನಾನು ತಡೆಯುವ ಮೊದಲೇ ತಮ್ಮ 20ಡಬ್ಲ್ಯು-50ಯನ್ನು ಎರಡಕ್ಕೂ ಕಂಠಮಟ್ಟ ಸುರಿದರು. ಅಷ್ಟು ತುಂಬಿದರೆ ಮಿಕ್ಕದ್ದು ಎಂಜಿನ್ನಿನೊಳಕ್ಕೆ ಸೇರಿ ಸುಡುತ್ತದೆ. ಕಾರು ಸ್ಟಾರ್ಟ್ ಆದೊಡನೆ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದಿತು. ಕೆಂಪು ಎಣ್ಣೆಯವರು ಮೂಗು ಮುಚ್ಚಿಕೊಂಡು, ಎಂಜಿನ್ನಿನ ಪಿಸ್ಟನ್ ರಿಂಗುಗಳೇ ಸವೆದುಹೋಗಿವೆಯೆಂದು ಘೋಷಿಸಿದರು. ಯಾವ ರಿಂಗು ತರಿಸಬೇಕೆಂಬ ಚರ್ಚೆ ಅಲ್ಲಿಯೇ ಆರಂಭವಾಯಿತು.